ಕಾಣದ ಗಾಯಕ್ಕೆ ಎಷ್ಟು ಅಂಕ?

ಪಿ.ಯು.ಸಿ. ಫಲಿತಾಂಶ ಬಂದ ಮರುದಿನ ಕಾಲೇಜಿನ ಸೂಚನಾ ಫಲಕದ ಮುಂದೆ ನಡೆಯುವ ಮಾತುಕತೆ ನಿಮಗೆಲ್ಲ ಗೊತ್ತೇ ಇದೆ. ನಿರೀಕ್ಷೆಗಿಂತ ಕಡಿಮೆ ಅಂಕ ಬಂದವರು ಸುಮ್ಮನೆ ಕೂರುವುದಿಲ್ಲ. ಮೊದಲು ಉತ್ತರ ಪತ್ರಿಕೆಯ ಛಾಯಾಪ್ರತಿಗೆ ಅರ್ಜಿ ಹಾಕುತ್ತಾರೆ. ಅದು ಕೈಗೆ ಬಂದ ಮೇಲೆ ಯಾವ ಪ್ರಶ್ನೆಗೆ ಎಷ್ಟು ಅಂಕ ಬಿದ್ದಿದೆ, ಯಾವ ಪುಟವನ್ನು ನೋಡದೆ ಬಿಟ್ಟಿದ್ದಾರೆ ಎಂದು ಹುಡುಕುತ್ತಾರೆ. ಆಮೇಲೆ ಮರುಎಣಿಕೆ ಸಾಕೋ, ಮರುಮೌಲ್ಯಮಾಪನವೇ ಬೇಕೋ ಎಂದು ತೀರ್ಮಾನಿಸುತ್ತಾರೆ. ಇದಕ್ಕೆಲ್ಲ ಒಂದು ಕೊನೆಯ ದಿನಾಂಕ ಇರುತ್ತದೆ. ಅದು ದಾಟಿದರೆ ಎಷ್ಟೇ ನ್ಯಾಯವಾದ ದೂರಿದ್ದರೂ ಕೇಳಿಸಿಕೊಳ್ಳುವವರು ಸಿಗುವುದು ಕಷ್ಟ.

ಇಂಥದೇ ಇನ್ನೊಂದು ಅಂಕಪಟ್ಟಿಯ ವಿಷಯವನ್ನು ಈ ಲೇಖನದಲ್ಲಿ ನೋಡೋಣ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಅಥವಾ ನಾಗಮಂಗಲ ತಾಲ್ಲೂಕಿನಲ್ಲಿ ನಿಮ್ಮ ಮನೆ ಇದ್ದು, ನಿಮ್ಮ ಅಪ್ಪನೋ ತಾತನೋ ದೊಡ್ಡಪ್ಪನೋ ಸೇನೆಯಲ್ಲಿದ್ದು ಬಂದವರಾದರೆ, ಅದು ನಿಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲೇ ಇರಬಹುದು. ಸೈನಿಕರು ಸೇವೆಯಿಂದ ಹೊರಬರುವ ಮುನ್ನ ಸೇನೆಯ ವೈದ್ಯಕೀಯ ಮಂಡಳಿಯೊಂದು ಅವರನ್ನು ಪರೀಕ್ಷಿಸುತ್ತದೆ. ದೇಹಕ್ಕೋ ಮನಸ್ಸಿಗೋ ಆಗಿರುವ ಕೊರತೆಯನ್ನು ಶೇಕಡಾ ಲೆಕ್ಕದಲ್ಲಿ ಬರೆಯುತ್ತದೆ. ಶೇ. 10, ಶೇ. 15, ಶೇ. 20, ಶೇ. 40, ಹೀಗೆ. ಆ ಒಂದು ಅಂಕಿಯ ಮೇಲೆ ಅವರ ವೈಕಲ್ಯ ಪಿಂಚಣಿ ನಿಂತಿರುತ್ತದೆ.

ಆ ಅಂಕಿಯನ್ನು ಪ್ರಶ್ನಿಸಬಹುದೇ? ಖಂಡಿತ ಪ್ರಶ್ನಿಸಬಹುದು. ಆದರೆ ಹೇಗೆ, ಯಾರ ಮುಂದೆ, ಯಾವ ಆಧಾರದ ಮೇಲೆ ಎಂಬುದು ತಿಳಿಯದೆ ಕಾಗದ ಟ್ರಂಕಿನಲ್ಲೇ ಉಳಿದುಬಿಡುತ್ತದೆ. ಅದರಲ್ಲೂ ತೊಂದರೆ ನರಗಳಿಗೆ ಸಂಬಂಧಿಸಿದ್ದಾದರೆ ಪ್ರಶ್ನಿಸಲು ಸ್ವತಃ ಆ ಸೈನಿಕರಿಗೇ ಅಳುಕು. ಏಕೆಂದರೆ ಆ ಗಾಯ ಯಾರ ಕಣ್ಣಿಗೂ ಕಾಣುವುದಿಲ್ಲ.

ಕ್ಯಾಮೆರಾಕ್ಕೆ ಸಿಗದ ಗಾಯ

ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಈ ವಿಷಯದಲ್ಲಿ ಒಂದು ತೊಡಕಿದೆ. ತುಂಡಾದ ಕೈಯನ್ನೋ ಊರುಗೋಲನ್ನೋ ಕ್ಯಾಮೆರಾ ಒಂದು ಕ್ಷಣದಲ್ಲಿ ತೋರಿಸಿಬಿಡುತ್ತದೆ. ಜೋಮು ಹಿಡಿದ ಪಾದವನ್ನು ಹೇಗೆ ತೋರಿಸುವುದು? ರಾತ್ರಿಯೆಲ್ಲ ಉರಿಯುವ ಅಂಗೈಯನ್ನು ಎಷ್ಟೇ ಹತ್ತಿರದಿಂದ ಚಿತ್ರೀಕರಿಸಿದರೂ ಪರದೆಯ ಮೇಲೆ ಬರುವುದು ಒಂದು ಅಂಗೈ ಮಾತ್ರ. ವೈದ್ಯಕೀಯ ಮಂಡಳಿಯ ಮುಂದೆಯೂ ಇದೇ ತೊಡಕು.

ಕಾಣುವ ಗಾಯದ ಒಂದು ಹಳೆಯ ಉದಾಹರಣೆ ನಮ್ಮ ಶ್ರೀರಂಗಪಟ್ಟಣದ ಸುತ್ತಲೇ ಇದೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆ ಕಾವಸ್‌ಜಿ ಎಂಬ ಮರಾಠಿ ಗಾಡಿಕಾರನ ಸುದ್ದಿಯನ್ನು ಪ್ರಕಟಿಸಿತು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದ ಈತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಪಿಂಚಣಿದಾರನಾದ. ಹಣೆಯ ಚರ್ಮವನ್ನು ಇಳಿಸಿ ಆತನಿಗೆ ಹೊಸ ಮೂಗು ಕಟ್ಟಿದ ಭಾರತೀಯ ಶಸ್ತ್ರಚಿಕಿತ್ಸೆಯ ಕಾರಣಕ್ಕೆ ಆ ವರದಿ ಜಗತ್ತಿನ ವೈದ್ಯಕೀಯ ಚರಿತ್ರೆಯಲ್ಲಿ ಸೇರಿಹೋಗಿದೆ. ನಾವು ಗಮನಿಸಬೇಕಾದದ್ದು ಇನ್ನೊಂದು ಸಂಗತಿ. ಆತನ ಮುಖ ನೋಡಿದ ಯಾರೂ ‘ನಿನಗೆ ನಿಜವಾಗಿ ಏನಾಗಿದೆ?’ ಎಂದು ಕೇಳುವ ಅಗತ್ಯವಿರಲಿಲ್ಲ.

ಈ ಪ್ರಶ್ನೆ ಗಂಭೀರವಾಗಿ ಎದ್ದದ್ದು ಸುಮಾರು 70 ವರ್ಷಗಳ ಅನಂತರ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ. ಗುಂಡೇಟಿನ ಗಾಯ ಮಾಯ್ದು ಹೋದರೂ ಬೆಂಕಿಯಲ್ಲಿ ಸುಟ್ಟಂಥ ಉರಿಯನ್ನು ಹೇಳಿಕೊಳ್ಳುತ್ತಿದ್ದ ಸೈನಿಕರನ್ನು ಫಿಲಡೆಲ್ಫಿಯಾದ ವೈದ್ಯ ಸೈಲಸ್ ವೇಯರ್ ಮಿಚೆಲ್ ಮತ್ತು ಅವರ ಇಬ್ಬರು ಸಂಗಾತಿಗಳು ಅಭ್ಯಾಸ ಮಾಡಿ 1864ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ನರಕ್ಕೆ ಪೆಟ್ಟಾದರೆ ಚರ್ಮ ಮಾಯ್ದ ಮೇಲೂ ನೋವು ಉಳಿಯುತ್ತದೆ ಎಂಬುದನ್ನು ಅವರು ವಿವರವಾಗಿ ದಾಖಲಿಸಿದರು. ಅದೇ ವರ್ಷ ಅದೇ ಮೂವರು ನರರೋಗದ ನಟನೆ ಮಾಡುವ ಸೈನಿಕರನ್ನು ಪತ್ತೆ ಹಚ್ಚುವುದು ಹೇಗೆ ಎಂಬ ಲೇಖನವನ್ನೂ ಬರೆದರು. ಹೀಗೆ ನರಗಳ ವೈದ್ಯಶಾಸ್ತ್ರದಲ್ಲಿ ನಂಬಿಕೆ ಮತ್ತು ಅನುಮಾನ ಎರಡೂ ಜೊತೆಯಾಗಿಯೇ ಹುಟ್ಟಿವೆ. ಸೈನಿಕರು ತಮ್ಮ ನೋವನ್ನು ಕಾಗದದ ಮೂಲಕ ಹೇಳಬೇಕಾಗಿ ಬಂದಿರುವುದು ಇದರಿಂದಲೇ.

ನರ ಹೇಗೆ ಕೆಡುತ್ತದೆ?

ಮೊದಲು ಸ್ವಲ್ಪ ವಿಜ್ಞಾನ. ನಮ್ಮ ಕೈಕಾಲುಗಳ ನರವನ್ನು ಒಂದು ಟೆಲಿಫೋನ್ ಕೇಬಲ್ಲಿಗೆ ಹೋಲಿಸಬಹುದು. ಹೊರಗೆ ಒಂದು ಹೊದಿಕೆ, ಒಳಗೆ ಸಾವಿರಾರು ಸಣ್ಣ ಎಳೆಗಳು. ಪ್ರತಿ ಎಳೆಯೂ ಒಂದು ನರಕೋಶದ ಉದ್ದನೆಯ ಬಾಲ. ದಪ್ಪ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಪೊರೆ ಇರುತ್ತದೆ. ಅದರ ದೆಸೆಯಿಂದ ಸಂಕೇತ ವೇಗವಾಗಿ ಓಡುತ್ತದೆ. ಆರೋಗ್ಯವಂತರ ಕೈಯ ನರದಲ್ಲಿ ಅದರ ವೇಗ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು. ಅಂದರೆ ಗಂಟೆಗೆ 180 ಕಿಲೋಮೀಟರ್. ಪೊರೆ ಇಲ್ಲದ ತೀರ ತೆಳ್ಳಗಿನ ಎಳೆಗಳೂ ಇವೆ. ಉರಿ, ಬಿಸಿ, ಮಂದವಾದ ನೋವು ಹೆಚ್ಚಾಗಿ ಇವುಗಳ ಮೂಲಕ ನಿಧಾನವಾಗಿ ಸಾಗುತ್ತವೆ.

1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಹರ್ಬರ್ಟ್ ಸೆಡನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ನರದ ಪೆಟ್ಟನ್ನು ಮೂರು ದರ್ಜೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಎಳೆ ತುಂಡಾಗಿರುವುದಿಲ್ಲ, ಸಂಕೇತ ಮಾತ್ರ ತಡೆದಿರುತ್ತದೆ. ಇದು ವಾರಗಳಲ್ಲಿ ಸರಿಹೋಗಬಹುದು. ಎರಡನೆಯದರಲ್ಲಿ ಒಳಗಿನ ಎಳೆ ತುಂಡಾಗಿದ್ದರೂ ಹೊರಗಿನ ಕೊಳವೆ ಉಳಿದಿರುತ್ತದೆ. ಎಳೆ ಮತ್ತೆ ಬೆಳೆಯಬಹುದು. ಮೂರನೆಯದರಲ್ಲಿ ಎಲ್ಲವೂ ತುಂಡಾಗಿರುತ್ತದೆ. ಶಸ್ತ್ರಚಿಕಿತ್ಸೆ ಇಲ್ಲದೆ ಅದು ಕೂಡುವುದಿಲ್ಲ, ಮಾಡಿದರೂ ಮೊದಲಿನಂತೆ ಆಗುವುದು ಅಪರೂಪ.

ಮತ್ತೆ ಬೆಳೆಯುವ ಎಳೆಯ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ನೀವೇ ಲೆಕ್ಕ ಹಾಕಿ. ಮೊಣಕೈಯ ಬಳಿ ಪೆಟ್ಟಾಗಿ ಬೆರಳ ತುದಿ 40 ಸೆಂಟಿಮೀಟರ್ ದೂರವಿದ್ದರೆ 400 ದಿನ. ಸೊಂಟದಿಂದ ಪಾದಕ್ಕೆ ಸುಮಾರು ಒಂದು ಮೀಟರ್ ಎಂದರೆ 1000 ದಿನ, ಎರಡೂವರೆ ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ನರದ ಸಂಪರ್ಕವಿಲ್ಲದ ಸ್ನಾಯು ಸೊರಗಿಹೋಗಬಹುದು. ಆದ್ದರಿಂದ ಪರೀಕ್ಷೆಯನ್ನು ಯಾವಾಗ ಮಾಡಿದರು ಎಂಬುದು, ಏನನ್ನು ಪರೀಕ್ಷಿಸಿದರು ಎಂಬುದರಷ್ಟೇ ಮುಖ್ಯ.

ಸೈನಿಕರಲ್ಲಿ ನರದ ತೊಂದರೆಗಳು ಹಲವು ಬಗೆ. ಬೆನ್ನುಮೂಳೆಗಳ ನಡುವಿನ ಮೆತ್ತೆ ಜಾರಿ ನರದ ಬೇರನ್ನು ಒತ್ತುವುದು, ಗುಂಡಿನ ಚೂರು ತಗುಲಿ ಮುಂಗೈ ಜೋತುಬೀಳುವುದು, ಹಿಮಗಡಿತದ ಅನಂತರ ಪಾದ ಮರಗಟ್ಟುವುದು, ಫಿರಂಗಿಯ ಸದ್ದಿನಿಂದ ಒಳಕಿವಿ ಕೆಟ್ಟು ಕಿವಿ ಮಂದವಾಗುವುದು, ತಲೆಗೆ ಪೆಟ್ಟಾಗಿ ಅಥವಾ ಬೇರೆ ಕಾರಣದಿಂದ ಮೂರ್ಛೆ ಬರುವುದು. ಊರಿಗೆ ಬಂದ ಮೇಲೆ ಇವು ಬೇರೆಯೇ ರೂಪ ತಾಳುತ್ತವೆ. ಜೋಮು ಹಿಡಿದ ಪಾದಕ್ಕೆ ಗದ್ದೆಯ ಬದುವಿನಲ್ಲಿ ಚುಚ್ಚಿದ ಮುಳ್ಳು ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಅದು ಕೀವು ಹುಣ್ಣಾಗಿರುತ್ತದೆ. ಬಿಸಿ ತಿಳಿಯದ ಕೈಯವರು ಆಲೆಮನೆಯ ಕೊಪ್ಪರಿಗೆಯ ಹತ್ತಿರ ನಿಲ್ಲುವುದು ಅಪಾಯ. ಮೂರ್ಛೆ ಬರುವವರು ಕಾಲುವೆಯ ದಂಡೆಯಲ್ಲಿ ಒಬ್ಬರೇ ನೀರು ಕಟ್ಟಲು ಹೋಗುವಂತಿಲ್ಲ, ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಕಾಣುವುದಕ್ಕೆ ಆರೋಗ್ಯವಂತರಾದರೂ ಬೇಸಾಯದ ಮನೆಯಲ್ಲಿ ಅರ್ಧ ಕೆಲಸ ಅವರಿಗೆ ಮುಚ್ಚಿಹೋಗಿರುತ್ತದೆ.

ಇದನ್ನು ಅಳೆಯಲು ಉಪಾಯಗಳಿಲ್ಲವೇ? ಇವೆ. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುವ ಕ್ರಮ ಅದೇ ಯುದ್ಧಕಾಲದ ಬ್ರಿಟನ್ನಿನಲ್ಲಿ ರೂಪುಗೊಂಡಿತು, ಇಂದಿಗೂ ಬಳಕೆಯಲ್ಲಿದೆ. ನರದಲ್ಲಿ ಸಂಕೇತ ಓಡುವ ವೇಗವನ್ನು ಯಂತ್ರದಿಂದ ಅಳೆಯುವ ನರವಹನ ಪರೀಕ್ಷೆಯೂ ಇದೆ. ಆದರೆ ಒಂದು ಮಾತು ನೆನಪಿಡಿ. ಈ ಯಂತ್ರ ಅಳೆಯುವುದು ದಪ್ಪ ಎಳೆಗಳನ್ನು. ಉರಿಯನ್ನು ಒಯ್ಯುವ ತೆಳ್ಳನೆಯ ಎಳೆಗಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ‘ವರದಿ ಸರಿಯಾಗಿದೆ’ ಎಂದ ಮಾತ್ರಕ್ಕೆ ನೋವೇ ಇಲ್ಲ ಎಂದು ಅರ್ಥವಲ್ಲ. ಮೂರ್ಛೆರೋಗದಲ್ಲೂ ಎರಡು ಮೂರ್ಛೆಗಳ ನಡುವೆ ತೆಗೆದ ಮಿದುಳಿನ ವಿದ್ಯುತ್ ಲೇಖ ಏನೂ ತೋರಿಸದೆ ಇರಬಹುದು.

ಮೂರು ಪ್ರಶ್ನೆಗಳ ಉತ್ತರ ಪತ್ರಿಕೆ

ಈಗ ಆ ಅಂಕಿಗೆ ಬರೋಣ. ವೈದ್ಯಕೀಯ ಮಂಡಳಿಯ ವರದಿಯನ್ನು ಮೂರು ಪ್ರಶ್ನೆಗಳ ಉತ್ತರ ಪತ್ರಿಕೆ ಎಂದು ಓದಬೇಕು. ಮೊದಲನೆಯದು, ಈ ತೊಂದರೆ ಸೇನೆಗೆ ಸೇರುವಾಗಲೇ ಇತ್ತೇ? ಎರಡನೆಯದು, ಅದು ಸೇವೆಯಿಂದ ಉಂಟಾಯಿತೇ ಅಥವಾ ಸೇವೆಯಿಂದ ಉಲ್ಬಣಗೊಂಡಿತೇ? ಮೂರನೆಯದು, ಕೊರತೆ ಶೇಕಡಾ ಎಷ್ಟು? ಎರಡನೆಯ ಪ್ರಶ್ನೆಗೆ ‘ಎರಡೂ ಅಲ್ಲ’ ಎಂದು ಬರೆದರೆ ಶೇಕಡಾವಾರು ಎಷ್ಟೇ ಇದ್ದರೂ ಹಣ ಮಂಜೂರಾಗುವುದಿಲ್ಲ. ಎರಡನೆಯದಕ್ಕೆ ‘ಹೌದು’ ಎಂದಿದ್ದರೂ, ಅವಧಿ ಮುಗಿಸಿ ನಿವೃತ್ತರಾದವರಿಗೆ ಶೇ. 20ಕ್ಕಿಂತ ಕಡಿಮೆ ಬಿದ್ದರೆ ಇಲ್ಲ. ಶೇ. 20 ಎಂಬುದು ಇಲ್ಲಿ ತೇರ್ಗಡೆಯ ಅಂಕ.

ಆ ಗೆರೆ ಎಷ್ಟು ಮಹತ್ವದ್ದೆಂಬುದನ್ನು ಒಂದು ಲೆಕ್ಕದಿಂದ ನೋಡಿ. ಪೂರ್ತಿ ಶೇ. 100 ವೈಕಲ್ಯಕ್ಕೆ ಕೊನೆಯ ವೇತನದ ಶೇ. 30ರಷ್ಟನ್ನು ವೈಕಲ್ಯದ ಬಾಬ್ತು ಕೊಡುವುದು ನಿಯಮ. ಕಡಿಮೆಯಾದರೆ ಅದೇ ಪ್ರಮಾಣದಲ್ಲಿ ಕಡಿಮೆ. ಲೆಕ್ಕಕ್ಕೆ ಹಿಡಿಯುವ ಕೊನೆಯ ವೇತನ 40,000 ರೂಪಾಯಿ ಎಂದುಕೊಳ್ಳಿ. ಶೇ. 100ಕ್ಕೆ 12,000 ರೂಪಾಯಿ. ಶೇ. 20ಕ್ಕೆ 2,400 ರೂಪಾಯಿ. ಆದರೆ ಸರ್ಕಾರದ 2001ರ ಆದೇಶದಲ್ಲಿ ಒಂದು ಸಮೀಪಸಂಖ್ಯೆಯ ಕ್ರಮವಿದೆ. ಶೇ. 50ಕ್ಕಿಂತ ಕಡಿಮೆ ಇರುವುದನ್ನು ಶೇ. 50 ಎಂದೂ, 50ರಿಂದ 75ರವರೆಗಿನದನ್ನು ಶೇ. 75 ಎಂದೂ, ಅದಕ್ಕೆ ಮೇಲ್ಪಟ್ಟದ್ದನ್ನು ಶೇ. 100 ಎಂದೂ ಪರಿಗಣಿಸಬೇಕು. ಮೊದಲು ಇದು ವೈದ್ಯಕೀಯ ಕಾರಣದಿಂದ ನಡುವೆಯೇ ಹೊರಬಂದವರಿಗೆ ಮಾತ್ರ ಎಂದಿತ್ತು. ರಾಮ್ ಅವತಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರ ಡಿಸೆಂಬರ್ 10ರಂದು ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕು ಎಂದಿತು. ಹಾಗಾದರೆ ಶೇ. 20 ಬಂದವರಿಗೆ ತಿಂಗಳಿಗೆ 6,000 ರೂಪಾಯಿ, ಶೇ. 19 ಬಂದವರಿಗೆ ಏನೂ ಇಲ್ಲ. ಒಂದೇ ಒಂದು ಅಂಕದ ಅಂತರ.

ಇಲ್ಲಿ ಒಂದು ಎಚ್ಚರಿಕೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಆ ದಿನದಿಂದೀಚೆಗೆ ಸೇವೆ ಬಿಟ್ಟವರ ಲೆಕ್ಕ ಬೇರೆ. ನಿಮ್ಮ ಮನೆಯವರು ಯಾವ ದಿನ ಹೊರಬಂದರು ಎಂಬುದನ್ನು ಮೊದಲು ನೋಡಿಕೊಳ್ಳಿ.

ನ್ಯಾಯಾಲಯಗಳು ಏನು ಹೇಳಿವೆ?

ಮೂರ್ಛೆರೋಗದ ಒಂದು ಪ್ರಕರಣವೇ ಈ ವಿಷಯದಲ್ಲಿ ದಾರಿ ತೋರಿದೆ. ಧರಮ್‌ವೀರ್ ಸಿಂಗ್ ಎಂಬ ಸೈನಿಕರು 1985ರಲ್ಲಿ ಸೇನೆಯ ಸಿಗ್ನಲ್ಸ್ ವಿಭಾಗ ಸೇರಿದರು. ಮೂರ್ಛೆರೋಗದಿಂದಾಗಿ ಶೇ. 20 ವೈಕಲ್ಯ ಎಂದು ಬರೆದು 1994ರಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲ ಎಂದು ಮಂಡಳಿ ಬರೆದಿದ್ದರಿಂದ ವೈಕಲ್ಯ ಪಿಂಚಣಿ ಸಿಗಲಿಲ್ಲ. ಹಿಮಾಚಲ ಪ್ರದೇಶ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು, ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಕೊನೆಗೆ 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯ ಅವರಿಗೆ ಪಿಂಚಣಿ ಕೊಡಬೇಕೆಂದು ಆದೇಶಿಸಿತು. ಹತ್ತೊಂಬತ್ತು ವರ್ಷಗಳು ಸರಿದುಹೋಗಿದ್ದವು.

ನ್ಯಾಯಾಲಯದ ತರ್ಕ ಸರಳವಾಗಿದೆ. ಸೇರುವಾಗ ಸೇನೆಯೇ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತದೆ. ಆಗ ಯಾವ ರೋಗವನ್ನೂ ಬರೆದಿಲ್ಲವಾದರೆ ಆ ವ್ಯಕ್ತಿ ಆರೋಗ್ಯವಾಗಿದ್ದರು ಎಂದೇ ಭಾವಿಸಬೇಕು. ಮುಂದೆ ಆರೋಗ್ಯ ಕೆಟ್ಟರೆ ಅದು ಸೇವೆಯ ಕಾರಣದಿಂದ ಎಂದು ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಸೇನೆಯದು, ಸೈನಿಕರದಲ್ಲ. ‘ಇದು ಮೊದಲ ಪರೀಕ್ಷೆಯಲ್ಲಿ ಗೊತ್ತಾಗುವಂಥದ್ದಲ್ಲ’ ಎಂದು ಮಂಡಳಿ ಹೇಳುವುದಾದರೆ ಕಾರಣವನ್ನು ಬರೆಯಬೇಕು. ಬರಿಯ ಷರಾ ಸಾಲದು. ಅನುಮಾನವಿದ್ದರೆ ಅದರ ಲಾಭ ಸೈನಿಕರಿಗೆ.

2014ರ ಸುಖ್ವಿಂದರ್ ಸಿಂಗ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವೈದ್ಯಕೀಯ ಕಾರಣಕ್ಕಾಗಿ ಸೇನೆಯೇ ಒಬ್ಬರನ್ನು ಹೊರಗೆ ಕಳುಹಿಸಿದ ಮೇಲೆ ಅವರ ವೈಕಲ್ಯ ಶೇ. 20ಕ್ಕಿಂತ ಮೇಲಿದೆ ಎಂದೇ ತಿಳಿಯಬೇಕು ಎಂದಿತು. ಸಿಯಾಚಿನ್ ಹಿಮನದಿಯಲ್ಲಿ ಕೆಲಸ ಮಾಡಿ ಮೂರ್ಛೆರೋಗದಿಂದ ಹೊರಬಂದ, ಶೇ. 20ಕ್ಕಿಂತ ಕಡಿಮೆ ಅಂಕ ಪಡೆದಿದ್ದ ಬಿಜೇಂದರ್ ಸಿಂಗ್ ಅವರಿಗೆ 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ಪಿಂಚಣಿ ಕೊಡಿಸಿತು.

ಹಾಗೆಂದು ಅರ್ಜಿ ಹಾಕಿದವರಿಗೆಲ್ಲ ಜಯ ಸಿಗುತ್ತದೆ ಎಂದು ತಿಳಿಯಬೇಡಿ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಸ್ಕಿಜೋಫ್ರೀನಿಯಾ ಎಂಬ ಮನೋರೋಗದ ಬಗ್ಗೆ ಅದೇ ನ್ಯಾಯಾಲಯ ಬೇರೆ ನಿಲುವು ತಾಳಿತು. ಇಂಥ ರೋಗ ಸೇರುವಾಗಿನ ಸಾಮಾನ್ಯ ಪರೀಕ್ಷೆಯಲ್ಲಿ ಪತ್ತೆಯಾಗದೆ ಹೋಗಬಹುದು, ತಜ್ಞರ ಮಂಡಳಿಯ ಅಭಿಪ್ರಾಯಕ್ಕೆ ತಕ್ಕ ಬೆಲೆ ಕೊಡಬೇಕು ಎಂದು ಹೇಳಿ ಪಿಂಚಣಿಯನ್ನು ನಿರಾಕರಿಸಿತು. ಅಂದರೆ ರೋಗದ ಹೆಸರಿನಿಂದಲೇ ತೀರ್ಮಾನ ಆಗುವುದಿಲ್ಲ. ಕಡತದಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂಬುದರಿಂದ ಆಗುತ್ತದೆ.

ಮೇಲ್ಮನವಿಯ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಛಾಯಾಪ್ರತಿ. ವೈದ್ಯಕೀಯ ಮಂಡಳಿಯ ವರದಿ ಇರುವ ನಮೂನೆಯ ಹೆಸರು ಎ.ಎಫ್.ಎಂ.ಎಸ್.ಎಫ್.-16. ಅದು ಮನೆಯಲ್ಲಿ ಇಲ್ಲದಿದ್ದರೆ ಆ ಸೈನಿಕರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದು ಕೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಮಂಡಳಿಯ ವರದಿಯ ಜೊತೆಗೆ ಸೇರುವಾಗಿನ ವೈದ್ಯಕೀಯ ಪತ್ರ, ಸೇನಾ ಆಸ್ಪತ್ರೆಗೆ ದಾಖಲಾದ ಕಾಗದಗಳು, ಗಾಯದ ವರದಿ ಇವನ್ನೂ ಕೇಳಬೇಕು.

ಎರಡನೆಯ ಮೆಟ್ಟಿಲು ಮೊದಲ ಮೇಲ್ಮನವಿ. ಪಿಂಚಣಿ ನಿರಾಕರಿಸಿದ ಪತ್ರ ಕೈಸೇರಿದ 6 ತಿಂಗಳೊಳಗೆ ರೆಕಾರ್ಡ್ ಆಫೀಸಿನ ಮೂಲಕ ಮೊದಲ ಮೇಲ್ಮನವಿ ಸಮಿತಿಗೆ ಕಳುಹಿಸಬೇಕು. ಅಲ್ಲಿಯೂ ಸೋತರೆ ಮತ್ತೆ 6 ತಿಂಗಳೊಳಗೆ ಎರಡನೆಯ ಮೇಲ್ಮನವಿ. ಇದು ಮೂರನೆಯ ಮೆಟ್ಟಿಲು.

ನಾಲ್ಕನೆಯದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಂತೆ ಸ್ಥಾಪನೆಯಾಗಿ 2009ರಲ್ಲಿ ಕೆಲಸ ಆರಂಭಿಸಿದ ಇದರ ಮುಖ್ಯ ಪೀಠ ದೆಹಲಿಯಲ್ಲಿದೆ. ಕರ್ನಾಟಕವು ಕೇರಳದೊಂದಿಗೆ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಕೊನೆಯ ಆದೇಶ ಬಂದ 6 ತಿಂಗಳೊಳಗೆ ಇಲ್ಲಿಗೆ ಬರಬೇಕು. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ.

ವಿಳಂಬದ ಬೆಲೆ ಏನೆಂಬುದಕ್ಕೆ ತರ್ಸೇಮ್ ಸಿಂಗ್ ಪ್ರಕರಣ ಸಾಕ್ಷಿ. ವೈದ್ಯಕೀಯ ಕಾರಣದಿಂದ 1983ರಲ್ಲಿ ಸೇನೆ ಬಿಟ್ಟ ಅವರು ಉಚ್ಚ ನ್ಯಾಯಾಲಯಕ್ಕೆ ಹೋದದ್ದು 1999ರಲ್ಲಿ. ಉಚ್ಚ ನ್ಯಾಯಾಲಯ 16 ವರ್ಷಗಳ ಬಾಕಿಯನ್ನೂ ಕೊಡಿಸಿತ್ತು. ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಪಿಂಚಣಿಯ ಹಕ್ಕನ್ನು ಒಪ್ಪಿಯೂ ಬಾಕಿಯನ್ನು ಅರ್ಜಿ ಹಾಕುವ ಮುಂಚಿನ 3 ವರ್ಷಗಳಿಗೆ ಸೀಮಿತಗೊಳಿಸಿತು. ಹಕ್ಕು ಉಳಿಯಿತು, ಆದರೆ ಹದಿಮೂರು ವರ್ಷದ ಹಣ ಹೋಯಿತು.

ಇನ್ನೊಂದು ಕಾರಣಕ್ಕೂ ತಡಮಾಡಬಾರದು. ಸೇವಾ ಕಡತಗಳನ್ನು ಸರ್ಕಾರ ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ. ಬಿಡುಗಡೆಯಾಗಿ 15 ವರ್ಷ ಕಳೆದು ಕಡತ ನಾಶವಾದ ಮೇಲೆ ಹಕ್ಕು ಕೇಳುವವರು ತಾವೇ ಅದನ್ನು ಸಾಬೀತುಪಡಿಸಬೇಕು ಎಂದು 2008ರ ನಿಯಮಗಳು ಹೇಳುತ್ತವೆ. ಆಗ ಟ್ರಂಕಿನೊಳಗಿನ ಹಳೆಯ ಆಸ್ಪತ್ರೆ ಚೀಟಿಯೇ ಉಳಿದ ಆಧಾರ.

ಪಿಂಚಣಿ ಈಗಾಗಲೇ ಬರುತ್ತಿದ್ದು ತೊಂದರೆ ಹೆಚ್ಚಾಗಿದ್ದರೆ? ಶಾಶ್ವತ ಎಂದು ಬರೆದ ವೈಕಲ್ಯವನ್ನು ಮತ್ತೆ ಮತ್ತೆ ಪರೀಕ್ಷಿಸುವ ಪದ್ಧತಿಯನ್ನು 2001ರಲ್ಲೇ ಕೈಬಿಡಲಾಯಿತು. ಆದರೆ ಸೈನಿಕರೇ ಕೇಳಿಕೊಂಡರೆ ಮರುಪರೀಕ್ಷೆಗೆ ಅವಕಾಶವಿದೆ. ಇದು ಮೇಲ್ಮನವಿಗಿಂತ ಬೇರೆ. ಅಂದು ಕೊಟ್ಟ ಅಂಕ ತಪ್ಪು ಎನ್ನುವುದು ಮೇಲ್ಮನವಿ. ಅಂದಿನದು ಸರಿ, ಈಗ ಸ್ಥಿತಿ ಬದಲಾಗಿದೆ ಎನ್ನುವುದು ಮರುಪರೀಕ್ಷೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬಾರದು.

ಒಂದು ಕಡತವನ್ನು ಓದೋಣ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ನಾಗಮಂಗಲದ ಕಡೆಯ ಒಬ್ಬರು ಸೇನೆಯಲ್ಲಿ ಲಾರಿ ಚಾಲಕರಾಗಿದ್ದರು. ಗುಡ್ಡಗಾಡಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಾಡಿ, ಬೆನ್ನಿನ ಮೆತ್ತೆ ಜಾರಿ, ಎಡಗಾಲಿನ ನರ ಒತ್ತಿಹೋಗಿದೆ. ಅವಧಿ ಮುಗಿದು ಬರುವಾಗ ಮಂಡಳಿ ‘ಶೇ. 15, ಸೇವೆಗೆ ಸಂಬಂಧವಿಲ್ಲ’ ಎಂದು ಬರೆದಿದೆ. ಅವರ ಮೊಮ್ಮಗಳು ನೀವು. ‘ತಾತ, ಆ ಕಾಗದ ಕೊಡಿ’ ಎಂದು ಕೇಳಿ ಓದುತ್ತೀರಿ.

ಮೊದಲ ಪ್ರಶ್ನೆ. ಸೇರುವಾಗಿನ ಪತ್ರದಲ್ಲಿ ಬೆನ್ನಿನ ಬಗ್ಗೆ ಏನೂ ಇಲ್ಲ. ಇದು ತಾತನ ಪರ. ಎರಡನೆಯ ಪ್ರಶ್ನೆ. ಗಡಿ ಪ್ರದೇಶದಲ್ಲಿದ್ದಾಗ ಸೇನಾ ಆಸ್ಪತ್ರೆಗೆ ಬೆನ್ನುನೋವಿಗೆ ದಾಖಲಾದ ಚೀಟಿ ಇದೆ, ಆದರೆ ‘ಸಂಬಂಧವಿಲ್ಲ’ ಎನ್ನುವುದಕ್ಕೆ ಮಂಡಳಿ ಕಾರಣ ಬರೆದಿಲ್ಲ. ಈ ಚೀಟಿಯ ಪ್ರತಿ ಮೇಲ್ಮನವಿಯ ಜೊತೆ ಹೋಗಬೇಕು. ಮೂರನೆಯ ಪ್ರಶ್ನೆ. ಕಾಲಿನ ಬಲಕ್ಕೆ 0–5ರ ಅಂಕ ನಮೂದಾಗಿಲ್ಲ, ನರವಹನ ಪರೀಕ್ಷೆ ಮಾಡಿಸಿಲ್ಲ. ಪಾದ ಎತ್ತಲಾಗದೆ ಹೆಬ್ಬೆರಳು ನೆಲಕ್ಕೆ ತಾಗುತ್ತದೆ ಎಂಬುದು ಎಲ್ಲಿಯೂ ಬಂದಿಲ್ಲ. ಇದಕ್ಕೆ ಹೊಸ ತಜ್ಞರ ವರದಿ ಬೇಕು.

ಈಗ ಮೇಲ್ಮನವಿ ತಾನಾಗಿ ರೂಪುಗೊಂಡಿತು. ‘ನಾನು ದೇಶಕ್ಕಾಗಿ ದುಡಿದೆ, ನನಗೆ ಅನ್ಯಾಯವಾಗಿದೆ’ ಎಂದು ನಾಲ್ಕು ಪುಟ ಬರೆಯಬೇಕಾಗಿಲ್ಲ. ಆ ಮಾತು ನಿಜವೇ ಆಗಿರಬಹುದು, ಆದರೆ ಅಂಕ ಕೊಡುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಯಾವ ಪ್ರಶ್ನೆಯ ಉತ್ತರ ತಪ್ಪಾಗಿದೆ, ಅದಕ್ಕೆ ಯಾವ ಕಾಗದ ಆಧಾರ ಎಂದು ಒಂದೂವರೆ ಪುಟದಲ್ಲಿ ಬರೆದರೆ ಸಾಕು.

ನೀವು ಏನು ಮಾಡಬಹುದು?

ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ನೀವೊಬ್ಬರೇ ಇರಬಹುದು. ಆದ್ದರಿಂದ ಕೆಲಸ ನಿಮ್ಮಿಂದಲೇ ಶುರುವಾಗಬೇಕು. ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಮೂಲ ಪ್ರತಿಗಳನ್ನು ಯಾರಿಗೂ ಕೊಡಬೇಡಿ, ಜೆರಾಕ್ಸ್ ಪ್ರತಿ ಮಾತ್ರ ಕಳುಹಿಸಿ, ಅಂಚೆಯ ರಸೀದಿ ಜೋಪಾನ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಎರಡು ತಿಂಗಳ ಕಾಲ ಬರೆದಿಡಿ. ಮೂರ್ಛೆ ಬಂದ ದಿನ, ಎಷ್ಟು ಹೊತ್ತು, ಯಾರು ನೋಡಿದರು. ನೋವಿನಿಂದ ನಿದ್ದೆ ಕೆಟ್ಟ ರಾತ್ರಿಗಳು. ಮಾಡಲಾಗದೆ ಬಿಟ್ಟ ಕೆಲಸಗಳು. ವೈದ್ಯರಿಗೆ ಇಂಥ ವಿವರ ಬಹಳ ಸಹಾಯಕ. ಇದ್ದದ್ದನ್ನು ಮಾತ್ರ ಬರೆಯಿರಿ. ಒಂದು ಸಾಲು ಹೆಚ್ಚಿಸಿ ಬರೆದದ್ದು ಗೊತ್ತಾದರೆ ಉಳಿದ ನಿಜವಾದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಪರೀಕ್ಷೆಗೆ ಎಲ್ಲಿಗೆ ಹೋಗುವುದು? ಮಾಜಿ ಸೈನಿಕರಿಗಾಗಿ 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆ ಇದೆ. ಅದರ ಪಾಲಿಕ್ಲಿನಿಕ್ಕಿನಿಂದ ತಜ್ಞರ ಬಳಿಗೆ ಕಳುಹಿಸಿಕೊಡುತ್ತಾರೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ವೈದ್ಯಕೀಯ ಕಾಲೇಜು ಇದೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ನರ ಮತ್ತು ಮಿದುಳಿನ ಕಾಯಿಲೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಹೆಸರಾಗಿದೆ. ವೈದ್ಯರು ವರದಿ ಬರೆಯುವಾಗ ರೋಗದ ಹೆಸರಿನ ಜೊತೆಗೆ ಯಾವ ನರ, ಎಷ್ಟು ಬಲ, ಎಲ್ಲಿ ಸ್ಪರ್ಶ ಇಲ್ಲ, ಯಾವ ಕೆಲಸ ಅಸಾಧ್ಯ ಎಂಬುದನ್ನೂ ಬರೆಯುವಂತೆ ವಿನಯದಿಂದ ಕೇಳಿಕೊಳ್ಳಿ.

ಅರ್ಜಿಯ ನಮೂನೆ, ರೆಕಾರ್ಡ್ ಆಫೀಸಿನ ವಿಳಾಸ ಇತ್ಯಾದಿಗೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಕೇಳಿ. ವಕೀಲರ ಶುಲ್ಕದ ಚಿಂತೆ ಇದ್ದರೆ ನೆನಪಿಡಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೋ ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯನ್ನೋ ಕಾಣಬಹುದು. ಬಾಕಿ ಹಣದಲ್ಲಿ ಪಾಲು ಕೊಟ್ಟರೆ ಎಲ್ಲವನ್ನೂ ತಾವೇ ಮಾಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳಿಂದ ದೂರವಿರಿ.

ಬರುವ ಭಾನುವಾರ ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ರಂಕನ್ನು ತೆರೆಯಿರಿ. ಕಾಗದದಲ್ಲಿ ಮೂರು ವಿಷಯ ಹುಡುಕಿ: ಶೇಕಡಾ ಎಷ್ಟು, ಸೇವೆಗೆ ಸಂಬಂಧ ಇದೆಯೆಂದಿದೆಯೋ ಇಲ್ಲವೆಂದಿದೆಯೋ, ನಿರಾಕರಣೆಯ ಪತ್ರದ ದಿನಾಂಕ ಯಾವುದು. ಆ ಪತ್ರ ಬಂದು 6 ತಿಂಗಳು ಆಗಿಲ್ಲದಿದ್ದರೆ ಸೋಮವಾರವೇ ಅರ್ಜಿ ಬರೆಯಲು ಕುಳಿತುಕೊಳ್ಳಿ. ಆಗಿಹೋಗಿದ್ದರೆ ಮೊದಲು ಕಾನೂನು ಸೇವೆಗಳ ಸಮಿತಿಗೆ ಹೋಗಿ, ವಿಳಂಬಕ್ಕೆ ಕಾರಣ ತೋರಿಸಿ ಮುಂದುವರಿಯುವ ದಾರಿಯನ್ನು ಕೇಳಿ.